ಐವತ್ತು ರೂಪಾಯಿ ಎಲ್‌ಪಿ ಅಂದ್ರ ಅರ್ಧ ಚೀಲ ಜೋಳ

ಹೋದ ತಿಂಗಳ ಅಕ್ಕನ ಮಗ ಬೆಂಗಳೂರಿಂದ ವಿಜಯಪುರಕ್ಕ ಬಂದಿದ್ದ. ಅಂವ ಈಗೀಗ ಒಂದು ರಿಕಾರ್ಡ್ ಪ್ಲೇಯರ್ ತಗೊಂಡಾನ, ಆನ್‌ಲೈನ್‌ದಾಗ ಒಂದೊಂದು ಎಲ್‌ಪಿಗೆ (ಲಾಂಗ್ ಪ್ಲೇ, ಭಾಳ ಹೊತ್ತು ಹಾಡೂ ದೊಡ್ಡ ಪ್ಲೇಟು) ಎರಡೂವರಿ ಮೂರು ಸಾವಿರ ಕೊಡ್ತಾನ, ಹಂಗಾಗಿ ಅಜ್ಜನ ಹಳೇ ಪ್ಲೇಟ್ ಏನರ ಉಳದಾವೇನು ನೋಡೂಣು ಅಂತ ಅಟ್ಟದ ಮ್ಯಾಲಿನ ಟ್ರಂಕ್ ಇಳಿಸಿದ. ಭೀಮಸೇನ ಜೋಶಿಯವರ ಒಂದು ಎಲ್‌ಪಿ ತಗದಾಗ ಕವರಿನ ಒಳಗಿಂದ ಹಳದಿ ಆದ ಬಿಲ್ ಕೆಳಗ ಬಿತ್ತು. ಬೆಳಗಾವಿ ಖಡೇಬಜಾರದ ಅಂಗಡಿದು, 1980ರ ನವೆಂಬರ್, ಟ್ಯಾಕ್ಸ್ ಸೇರಿ 50 ರೂಪಾಯಿ 40 ಪೈಸೆ. ಹುಡುಗ ಅದನ್ನ ನೋಡಿ "ಮಾಮಾ, ಬರೇ ಐವತ್ ರೂಪಾಯಿ? ಆಗ ಎಲ್ಲಾ ಎಷ್ಟ್ ಸಸ್ತಾ ಇತ್ತಲ್ಲ" ಅಂದ. ಬಾಜೂಕ ಮೊರಾ ಹಿಡಕೊಂಡು ಜೋಳ ಹಸನ ಮಾಡ್ಲಿಕತ್ತಿದ್ದ ನಮ್ಮವ್ವ ತಲಿ ಎತ್ತದನ ಅಂದ್ಳು, "ಅರ್ಧ ಚೀಲ ಜ್ವಾಳದ ರೊಕ್ಕ ಅದು. ಅವತ್ತೂ ಹಂಗ ಅಂದಿದ್ದೆ ನಿಮ್ಮಜ್ಜಗ."

ಅವ್ವನ ಮಾತು ಖರೇ ಏನು ಅಂತ ಆ ರಾತ್ರಿ ನಾ ಕುಂತು ಲೆಕ್ಕಾ ಹಾಕಿದೆ. 1980-81ಕ್ಕ ಸರ್ಕಾರ ಜೋಳಕ್ಕ ಇಟ್ಟಿದ್ದ ಬೆಂಬಲ ಬೆಲೆ ಕ್ವಿಂಟಲ್‌ಗೆ 105 ರೂಪಾಯಿ. 50 ರೂಪಾಯಿ 40 ಪೈಸೆಕ್ಕ ಬರೋಬ್ಬರಿ 48 ಕಿಲೋ ಜೋಳ ಬರ್ತದ. ನೂರು ಕಿಲೋದ ಚೀಲ ಹಿಡದ್ರ ಅರ್ಧ ಚೀಲ. ಸಾಲಿಗೆ ಹೋಗದ ಹೆಣ್ಮಗಳು ನಲವತ್ತು ವರ್ಷದ ಹಿಂದಿನ ಲೆಕ್ಕಾನ ಕಿಲೋಕ್ಕ ಕಿಲೋ ಇಟ್ಟುಕೊಂಡಾಳ. ಅವತ್ತಿಂದ ಈ ವಿಷಯ ನನ್ನ ತಲಿ ಬಿಟ್ಟು ಹೋಗವಲ್ದು, ಅದಕ್ಕ ಇಲ್ಲಿ ಬರದು ಇಡ್ತೀನಿ, ಯಾಕಂದ್ರ ಹಳೇ ಪ್ಲೇಟಿನ ಕಿಮ್ಮತ್ತು ಅಂತ ಬಂದ ಕೂಡಲೇ ಎಲ್ಲಾರೂ "ಆಗ ಸಸ್ತಾ ಇತ್ತು" ಅಂತಾರ, ಕವರಿನ ಮ್ಯಾಲಿನ ನಂಬರ್ ನೋಡಿ. ಆ ನಂಬರ್‌ಗೆ ಒಂದ ಅಳತಿ ಹಚ್ಚಿದ್ರ ಒಂದು ಉತ್ತರ ಬರ್ತದ, ಇನ್ನೊಂದು ಹಚ್ಚಿದ್ರ ಇನ್ನೊಂದು.

ಮದಲನೇ ಅಳತಿ ಎಲ್ಲಾರಿಗೂ ಗೊತ್ತಿದ್ದದ್ದು, ಬೆಲೆ ಸೂಚ್ಯಂಕ. ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ ಅಂತ ಒಂದು ಅದ, ಲೇಬರ್ ಬ್ಯೂರೋದವ್ರು ತಿಂಗಳಾ ತಗೀತಾರ, ಸರ್ಕಾರಿ ನೌಕರರ ಡಿಎ (ತುಟ್ಟಿಭತ್ಯೆ) ಏರೂದೂ ಇದರ ಮ್ಯಾಲೇನ. ಇದರಾಗ ಜನ ಸ್ವಲ್ಪ ಗಲಿಬಿಲಿ ಆಗೂದು ಎಲ್ಲಿ ಅಂದ್ರ ಈ ಸೂಚ್ಯಂಕದ ಮೂಲ ವರ್ಷ ಆಗಾಗ ಬದಲಾಗ್ತದ, 1960 ಇತ್ತು, ಆಮ್ಯಾಲೆ 1982, ಆಮ್ಯಾಲೆ 2001, ಈಗ 2016. ಪ್ರತಿ ಸಲ ಹೊಸಾ ವರ್ಷಕ್ಕ 100 ಅಂತ ಶುರು ಮಾಡ್ತಾರ, ಹಂಗಾಗಿ ಹಳೇ ನಂಬರ್‌ನೂ ಹೊಸಾ ನಂಬರ್‌ನೂ ನೇರ ಹೋಲಿಸಿದ್ರ ತಪ್ಪು. ಜೋಡಸಲಿಕ್ಕ ಒಂದೊಂದು ಕೊಂಡಿ ಸಂಖ್ಯೆ ಕೊಟ್ಟಾರ, 2016ರದಕ್ಕ 2.88 ಗುಣಿಸಿದ್ರ 2001ರ ಅಳತಿಗೆ ಬರ್ತದ, ಅದಕ್ಕ 4.63 ಗುಣಿಸಿದ್ರ 1982ಕ್ಕ, ಮತ್ತ 4.93 ಗುಣಿಸಿದ್ರ 1960ಕ್ಕ. 2024ರಾಗ ಸೂಚ್ಯಂಕ 140ರ ಆಸುಪಾಸು ಇತ್ತು, ಇಷ್ಟೂ ಗುಣಿಸಿದ್ರ 1960ರ ಅಳತಿಯಾಗ ಒಂಬತ್ತು ಸಾವಿರ ದಾಟ್ತದ, 1980ರಾಗ ಅದ ಅಳತಿಯಾಗ 400ರ ಹತ್ತಿರ ಇತ್ತು. ಅಂದ್ರ ಸುಮಾರು 23 ಪಟ್ಟು. ಅಪ್ಪನ 50 ರೂಪಾಯಿ ಇವತ್ತಿಗೆ ಹೆಚ್ಚು ಕಡಿಮಿ 1,200.

ಇಷ್ಟಕ್ಕ ನಿಂತ್ರ ಹುಡುಗ ಹೇಳಿದ್ದ ಖರೇ, ಅಂವ ಮೂರು ಸಾವಿರ ಕೊಡ್ತಾನ, ಅಜ್ಜ ಸಾವಿರದ ಇನ್ನೂರು ಕೊಟ್ಟಿದ್ದ.

ಆದ್ರ ಜೋಳದ ಅಳತಿ ಹಚ್ಚಿ ನೋಡ್ರಿ. 2024-25ರಾಗ ನಮ್ಮ ಮಾಲದಂಡಿ ಜೋಳಕ್ಕ ಬೆಂಬಲ ಬೆಲೆ 3,421, ಆ ದರಕ್ಕ ಆ 48 ಕಿಲೋಕ್ಕ 1,640 ರೂಪಾಯಿ. ಬಂಗಾರ ಹಚ್ಚಿದ್ರ, 1980ರಾಗ ಹತ್ತು ಗ್ರಾಂ 1,330 ಇತ್ತು, ಒಂದು ಎಲ್‌ಪಿ ಅಂದ್ರ ಒಂದು ಗ್ರಾಂದ ಮೂರನೇ ಪಾಲಿಗಿಂತ ಸ್ವಲ್ಪ ಜಾಸ್ತಿ ಬಂಗಾರ, 2024ರ ಕೊನಿಗಿನ ದರ ಹತ್ತು ಗ್ರಾಂಗೆ 77 ಸಾವಿರದ ಆಸುಪಾಸು ಹಿಡದ್ರ ಮೂರು ಸಾವಿರದ ಹತ್ತಿರ ಬರ್ತದ. ಈ ಬಂಗಾರದ ಲೆಕ್ಕಾ ನನಗ ಅಷ್ಟು ಪಸಂದ ಇಲ್ಲ, ಬಂಗಾರ ತನ್ನ ಪಾಡಿಗೆ ತಾ ಏರಕೋತ ಹೋಗ್ತದ, ಅದಕ್ಕೂ ಮನಿ ಖರ್ಚಿಗೂ ಸಂಬಂಧ ಕಡಿಮಿ.

ನನಗ ಖರೇ ಅನಸೂದು ಪಗಾರದ ಅಳತಿ. ಅಪ್ಪ ಪ್ರೈಮರಿ ಸಾಲಿ ಮಾಸ್ತರ, ಆಗ ಕೈಗೆ ಬರ್ತಿದ್ದ ಪಗಾರ 480 ರೂಪಾಯಿ. ಅದರಾಗ ಹತ್ತನೇ ಪಾಲು ಒಂದು ಪ್ಲೇಟಿಗೆ ಹೋತು, ಮೂರು ದಿನದ ಪಗಾರ. ಇವತ್ತು ಹೊಸದಾಗಿ ಸೇರಿದ ಮಾಸ್ತರಗ ನಲವತ್ತು ಸಾವಿರ ಕೈಗೆ ಬಂತು ಅಂತ ಹಿಡೀರಿ, ಹತ್ತನೇ ಪಾಲು ಅಂದ್ರ ನಾಕು ಸಾವಿರ. ಅದ ಪ್ಲೇಟು, ಅದ 50 ರೂಪಾಯಿ, ಒಂದು ಅಳತಿಯಾಗ 1,200 ಇನ್ನೊಂದರಾಗ 4,000. ನಮ್ಮ ಹುಡುಗ ಕಂಪ್ಯೂಟರ್ ಕಂಪನಿಯಾಗ ಕೆಲಸಾ ಮಾಡಾಂವ, ಮೂರು ಸಾವಿರ ಅವನ ಅರ್ಧ ದಿನದ ದುಡಿಮಿ. ಅಜ್ಜ ಕೊಟ್ಟದ್ದು ಮೂರು ದಿನದ್ದು. ತುಟ್ಟಿ ಯಾರಿಗೆ ಬಿತ್ತು ಅಂತ ಈಗ ಹೇಳ್ರಿ.

ಬರೇ ನಮ್ಮ ಕಡೆ ಅಷ್ಟ ಹಿಂಗ ಅಂತ ತಿಳಕೋಬ್ಯಾಡ್ರಿ. ಅಮೆರಿಕಾದಾಗ 1908ರಾಗ ವಿಕ್ಟರ್ ಕಂಪನಿಯವ್ರು ಇಟಲಿಯ ಹೆಸರಾಂತ ಗಾಯಕ ಕರೂಸೋ ಮತ್ತ ಇನ್ನೈದು ಮಂದಿ ಹಾಡಿದ್ದ ಒಂದ ಒಂದು ಮಗ್ಗಲಿನ ಪ್ಲೇಟನ್ನ ಏಳು ಡಾಲರ್‌ಗೆ ಮಾರಿದ್ರು, ಇವತ್ತಿನ ಲೆಕ್ಕಕ್ಕ ಇನ್ನೂರು ಡಾಲರ್ ದಾಟ್ತದ, ನಾಕು ನಿಮಿಷದ ಹಾಡಿಗೆ. 1934ರಾಗ ಮಂದಿ ಕೈಯಾಗ ಕೆಲಸಾ ಇಲ್ಲದ ಹೊತ್ತಿನ್ಯಾಗ ಡೆಕ್ಕಾ ಕಂಪನಿ 35 ಸೆಂಟ್‌ಗೆ ಪ್ಲೇಟ್ ಬಿಟ್ಟಾಗ ಅದು ದೊಡ್ಡ ಸುದ್ದಿ ಆತು, ಯಾಕಂದ್ರ ಬ್ಯಾರೇದವ್ರು 75 ಸೆಂಟ್ ತಗೋತಿದ್ರು. ಆ 75 ಸೆಂಟ್ ಈಗಿನ ಹದಿನೇಳು ಡಾಲರ್, ಎರಡೂ ಮಗ್ಗಲ ಸೇರಿ ಆರು ನಿಮಿಷ ಹಾಡ್ತಿತ್ತು ಅಷ್ಟ. 1978ರಾಗ ಅಲ್ಲಿ ಎಲ್‌ಪಿ ಮ್ಯಾಲೆ 7.98 ಡಾಲರ್ ಅಂತ ಇರ್ತಿತ್ತು, ಈಗಿನ 38 ಡಾಲರ್. ಇವತ್ತು ಅಲ್ಲಿ ಹೊಸಾ ಎಲ್‌ಪಿ ಮೂವತ್ತರ ಆಸುಪಾಸು ಸಿಗ್ತದ. ಅಲ್ಲಿ ಸೂಚ್ಯಂಕದ ಅಳತಿಯಾಗೂ ಹಳೇದ ತುಟ್ಟಿ.

ಇಷ್ಟು ತುಟ್ಟಿ ಯಾಕಿತ್ತು ಅನ್ನೂದು ತಿಳೀಬೇಕಂದ್ರ ಪ್ಲೇಟು ಹೆಂಗ ಆಗ್ತಿತ್ತು ಅನ್ನೂದು ನೋಡಬೇಕು, ನನಗ ಇದರಾಗ ಭಾಳ ಮನಸು ಹೋಗೂದೂ ಇಲ್ಲೇ.

ಮದಲಿನ ಪ್ಲೇಟು ವಿನೈಲ್ (ಒಂದು ಥರದ ಪ್ಲಾಸ್ಟಿಕ್) ಅಲ್ಲ. ಮಿನಿಟಿಗೆ 78 ಸುತ್ತ ತಿರುಗೂ ಪ್ಲೇಟು ಅರಗಿನ್ವು, ನಮ್ಮ ಕಡೆ ಬಳಿ ಮಾಡ್ತಾರಲ್ಲ ಅದ ಅರಗು, ಅದರಾಗ ಕಲ್ಲಿನ ಪುಡಿ ಕಲಸಿ ಬಿಸಿ ಮಾಡಿ ಒತ್ತಿದ್ದು. ಜಗತ್ತಿಗೆಲ್ಲಾ ಅರಗು ಹೋಗ್ತಿದ್ದದ್ದು ಜಾಸ್ತಿ ನಮ್ಮ ದೇಶದಿಂದ, ಗಿಡದ ಟೊಂಗಿ ಮ್ಯಾಲಿನ ಹುಳಾ ಬಿಟ್ಟ ಅಂಟು ಅದು, ಮಂದಿ ಕೈಲೆ ಕೆರದು ತಗೀಬೇಕು. 1902ರಾಗ ಗ್ರಾಮೋಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಅನ್ನಾಂವ ಕಲ್ಕತ್ತಾಕ್ಕ ಬಂದು ಗೌಹರ್ ಜಾನ್ ಅವ್ರ ಹಾಡು ರಿಕಾರ್ಡ್ ಮಾಡಿದ, ಆದ್ರ ಪ್ಲೇಟು ಒತ್ತೂ ಫ್ಯಾಕ್ಟರಿ ಇಲ್ಲಿ ಇರಲಿಲ್ಲ, ಅಚ್ಚು ಜರ್ಮನಿಯ ಹ್ಯಾನೋವರ್‌ಗೆ ಹೋಗಿ ಅಲ್ಲಿ ಒತ್ತಿ ಹಡಗದಾಗ ವಾಪಸ್ ಬರಬೇಕು. ನಮ್ಮ ಅರಗು ಸಮುದ್ರ ದಾಟಿ ಹೋಗಿ, ನಮ್ಮ ಹಾಡು ತುಂಬಕೊಂಡು ನಮಗ ಮಾರಲಿಕ್ಕ ಬರ್ತಿತ್ತು. ಅದರ ಬಾಡಿಗಿ ಎಲ್ಲಾ ಗಿರಾಕಿ ಮ್ಯಾಲೇನ. 1908ರಾಗ ಕಲ್ಕತ್ತಾದ ಸಿಯಾಲ್ದಾದಾಗ ಫ್ಯಾಕ್ಟರಿ ಆತು, 1928ಕ್ಕ ದಮ್‌ದಮ್‌ಕ್ಕ ದೊಡ್ಡದು ಆತು, ಆಮ್ಯಾಲೆ ಸ್ವಲ್ಪ ಕೈಗೆ ಸಿಗೂ ಹಂಗ ಆತು.

ಎರಡನೇ ಮಹಾಯುದ್ಧದಾಗ ಅರಗು ಅಮೆರಿಕಾಕ್ಕ ಹೋಗೂದು ಕಷ್ಟ ಆತು, 1942ರಾಗ ಅಲ್ಲಿಯ ಸರ್ಕಾರ ಪ್ಲೇಟಿಗೆ ಅರಗು ಬಳಸೂದನ್ನ ಮೂವತ್ತು ಪರ್ಸೆಂಟ್‌ಗೆ ಇಳಿಸಿತು, ಹೊಸಾ ಪ್ಲೇಟ್ ಬೇಕಂದ್ರ ಹಳೇದು ತಂದು ಕೊಡ್ರಿ ಅಂತ ಅಂಗಡ್ಯಾಗ ಕೇಳೂ ಹಂಗ ಆತು. ಆಗಿಂದ ವಿನೈಲ್ ಕಡೆ ಜೋರಾಗಿ ತಿರುಗಿದ್ರು. 1948ರ ಜೂನ್‌ದಾಗ ಕೊಲಂಬಿಯಾ ಕಂಪನಿ ನ್ಯೂಯಾರ್ಕ್‌ನ್ಯಾಗ ಎಲ್‌ಪಿ ತೋರಿಸಿತು, ಮಿನಿಟಿಗೆ 33 ಮತ್ತ ಮೂರರಾಗ ಒಂದು ಸುತ್ತ, ಒಂದು ಮಗ್ಗಲ ಇಪ್ಪತ್ತು ಮಿನಿಟ್ ದಾಟಿ ಹಾಡ್ತದ. ಹಳೇ 78ರ ಪ್ಲೇಟು ಎಂಟು ಫೂಟ್ ಎತ್ತರ ಒಟ್ಟಿ, ಅಷ್ಟೂ ಸಂಗೀತ ಹಿಡಿಸಿದ ಎಲ್‌ಪಿ ಬಾಜೂಕ ಇಟ್ರು, ಅದು ಹದಿನೈದು ಇಂಚು. ಅದರ ಕಿಮ್ಮತ್ತು 4.85 ಡಾಲರ್, ಈಗಿನ ಅರವತ್ತು ಡಾಲರ್ ಮ್ಯಾಲೆ. ಕೇಳಲಿಕ್ಕ ಭಾಳ ತುಟ್ಟಿ, ಆದ್ರ ಒಂದು ಪೂರ್ತಿ ಕಛೇರಿ ಕೇಳಬೇಕಂದ್ರ ಮದಲ 78ರ ನಾಕೈದು ಪ್ಲೇಟು ತಗೋಬೇಕಿತ್ತು, ಅದರ ಮುಂದ ಇದ ಸಸ್ತಾ. ಮಿನಿಟಿನ ಲೆಕ್ಕದಾಗ ಇದು ಸಸ್ತಾ ಆತು ಅನ್ನೂದನ್ನ ಮರೀಬಾರದು, ನಾಕು ಮಿನಿಟಿಗೆ ಎದ್ದು ಪ್ಲೇಟ್ ತಿರುವಿ ಹಾಕೋ ಕೆಲಸಾನೂ ತಪ್ಪಿತು. ಒಂದು ಖಯಾಲ್ ಮೂರೂವರಿ ಮಿನಿಟಿನ್ಯಾಗ ಮುಗಸಬೇಕಿತ್ತು 78ರಾಗ, ನಮ್ಮ ಹಿಂದುಸ್ತಾನಿ ಗವಾಯಿಗಳು ಅದರಾಗ ಆಲಾಪಾನೂ ತಾನ್‌ನೂ ಹೆಂಗ ಹಿಡಿಸಿದ್ರು ಅಂತ ಈಗ ಕೇಳಿದ್ರ ಮೈ ಝುಂ ಅಂತದ.

ಇನ್ನ ಒತ್ತೂ ಕೆಲಸ. ಹಾಡು ಮದಲ ಮೆತ್ತಗಿನ ತಟ್ಟಿ ಮ್ಯಾಲೆ ಕೊರದು, ಅದರಿಂದ ಲೋಹದ ಅಚ್ಚು ಮಾಡಿ, ಆ ಅಚ್ಚಿನ ನಡುವ ಬಿಸಿ ವಿನೈಲಿನ ಮುದ್ದಿ ಇಟ್ಟು ನೂರು ಟನ್‌ದಷ್ಟು ಭಾರ ಹಾಕಿ ಒತ್ತಬೇಕು, ಉಗಿಯಿಂದ ಕಾಸಿ, ಕೂಡಲೇ ನೀರಿಂದ ತಂಪು ಮಾಡಬೇಕು. ರೊಟ್ಟಿ ಬಡದಂಗ ಅಲ್ಲ ಇದು, ಕಾವು ಸ್ವಲ್ಪ ಹೆಚ್ಚು ಕಡಿಮಿ ಆದ್ರ ಪ್ಲೇಟ್ ಡೊಂಕು. ಒಂದು ಅಚ್ಚಿಗೆ ಸಾವಿರದ ಆಸುಪಾಸು ಪ್ಲೇಟು ಒತ್ತಿದ ಮ್ಯಾಲೆ ಅದು ಸವೀತದ. ಅಚ್ಚಿನ ಖರ್ಚು ಸಾವಿರ ಪ್ಲೇಟಿಗೂ ಅಷ್ಟ, ನೂರಕ್ಕೂ ಅಷ್ಟ, ಹಂಗಾಗಿ ಹಿಂದಿ ಸಿನಿಮಾ ಹಾಡು ಲಕ್ಷಗಟ್ಟಲೇ ಹೋದ್ರ ಕಂಪನಿಗೆ ಲಾಭ, ಕನ್ನಡದ ವಚನದ ಪ್ಲೇಟು ಕಡಿಮಿ ಹೋದ್ರ ಒಂದೊಂದಕ್ಕ ಖರ್ಚು ಜಾಸ್ತಿ ಬೀಳ್ತದ. ಮತ್ತ ಇಂಥಾ ಫ್ಯಾಕ್ಟರಿ ಹಾಕಲಿಕ್ಕ ದೊಡ್ಡ ಬಂಡವಾಳ ಬೇಕು, ನಮ್ಮ ದೇಶದಾಗ ಭಾಳ ವರ್ಷ ನಾಯಿ ಗುರುತಿನ ಎಚ್‌ಎಂವಿ ಕಂಪನಿನ ದೊಡ್ಡಣ್ಣ, ಪಾಲಿಡೋರ್ ಅನ್ನೂ ಇನ್ನೊಂದು ಕಂಪನಿ ಬಂದದ್ದು ಅರವತ್ತರ ದಶಕದ ಕೊನಿಗೆ. ಒಬ್ಬನ ಕೈಯಾಗ ಪ್ಯಾಟಿ ಇದ್ರ ಕಿಮ್ಮತ್ತು ಇಳಿಸೂ ಗರಜ ಯಾರಿಗದ? 1973ರಾಗ ಎಣ್ಣಿ ಬಿಕ್ಕಟ್ಟು ಬಂದಾಗಂತೂ ವಿನೈಲ್ ಮಾಡೂ ಕಚ್ಚಾ ಮಾಲ ಜಗತ್ತಿನ್ಯಾಗೆಲ್ಲಾ ತುಟ್ಟಿ ಆತು, ಅದು ಪೆಟ್ರೋಲಿಯಂದಿಂದ ಬರೂದು, ಆವಾಗ ಪ್ಲೇಟು ಇನ್ನೂ ತೆಳ್ಳಗ ಆದ್ವು.

ಕವರಿನ ಮ್ಯಾಲಿನ ರೇಟಿನ ಬಗ್ಗೆ ಒಂದು ಮಾತು. ಆಗಿನ ಸಾಮಾನಿನ ಮ್ಯಾಲೆ ರೇಟ್ ಬರದು ಬಾಜೂಕ ಲೋಕಲ್ ಟ್ಯಾಕ್ಸ್ ಬ್ಯಾರೆ ಅಂತ ಹಾಕ್ತಿದ್ರು, ಎಲ್ಲಾ ಟ್ಯಾಕ್ಸ್ ಸೇರಿಸಿ ಎಂಆರ್‌ಪಿ ಹಾಕಬೇಕು ಅನ್ನೂ ನಿಯಮ 1990ರ ಹೊತ್ತಿಗೆ ಬಂದದ್ದು. ಹಂಗಾಗಿ ಹಳೇ ಕವರ್ ನೋಡಿ ಇಷ್ಟ ಕೊಟ್ಟಿದ್ರು ಅಂತ ಹೇಳಲಿಕ್ಕ ಬರೂದಿಲ್ಲ, ಬಿಲ್ ಸಿಕ್ರನ ಖರೇ ಕಿಮ್ಮತ್ತು. ಅಮೆರಿಕಾದಾಗ ಇದರ ಉಲ್ಟಾ, ಕವರಿನ ರೇಟಿಗಿಂತ ಡಾಲರ್ ಎರಡು ಡಾಲರ್ ಕಡಿಮಿಗೆ ಅಂಗಡಿಯವ್ರು ಕೊಡ್ತಿದ್ರು. ಅಲ್ಲಿ ಅರವತ್ತರ ದಶಕದಾಗ ಅದ ಹಾಡಿನ ಮೋನೋ (ಎಲ್ಲಾ ದನಿ ಒಂದರಾಗ) ಪ್ಲೇಟಿಗಿಂತ ಸ್ಟೀರಿಯೋ (ಎಡಬಲ ದನಿ ಬ್ಯಾರೆ ಬ್ಯಾರೆ) ಪ್ಲೇಟು ಒಂದು ಡಾಲರ್ ತುಟ್ಟಿ ಇತ್ತು, 1967ರಾಗ ಎರಡೂ ಒಂದ ಮಾಡಿದ್ರು, ಹಂಗಾಗಿ ಅಲ್ಲಿಯ ಹಳೇ ಕಿಮ್ಮತ್ತು ಕೇಳಿದ್ರ ಯಾವ ವರ್ಷದ್ದು, ಮೋನೋನೋ ಸ್ಟೀರಿಯೋನೋ ಅಂತನೂ ಕೇಳಬೇಕು.

ಪ್ಲೇಟಿನ ಕಿಮ್ಮತ್ತು ಅಂದ್ರ ಬರೇ ಪ್ಲೇಟಿನದ್ದೂ ಅಲ್ಲ. 78ರ ಪ್ಲೇಟಿಗೆ ಉಕ್ಕಿನ ಸೂಜಿ, ಒಂದು ಮಗ್ಗಲ ಮುಗೀತು ಅಂದ್ರ ಸೂಜಿ ಬದಲಿ ಮಾಡಬೇಕು, ಇಲ್ಲಾಂದ್ರ ಸವದ ಸೂಜಿ ಪ್ಲೇಟಿನ ಗೆರಿ ಕೆರದು ಹಾಕ್ತದ. ನಾಯಿ ಚಿತ್ರದ ಸಣ್ಣ ತಗಡಿನ ಡಬ್ಬಿ ಇರ್ತಿತ್ತು, ಸೂಜಿದು, ನಮ್ಮ ಅವ್ವ ಭಾಳ ವರ್ಷ ಅದರಾಗ ಏಲಕ್ಕಿ ಇಟ್ಟಿದ್ಳು. ಆಮ್ಯಾಲಿನ ಫಿಯೆಸ್ಟಾ ಪ್ಲೇಯರಿಗೆ ಸೆಲ್ ಬೇಕು, ಕರೆಂಟ್ ಇಲ್ಲದ ಊರಾಗ ಸೆಲ್ ಸಂಜೀಕ ಹೋದ್ರ ಹಾಡು ನಿಧಾನ ಆಗಿ ಗಂಡಸರ ದನಿ ಹೋರಿ ಕೂಗಿದಂಗ ಆಗ್ತಿತ್ತು. ಇನ್ನ ನಮ್ಮ ವಿಜಯಪುರದ ಏಪ್ರಿಲ್ ಬಿಸಲು, ಒಂದು ಮಧ್ಯಾಹ್ನ ಕಿಡಕಿ ಬಾಜೂಕ ಮರತು ಇಟ್ಟ ಎಲ್‌ಪಿ ಸಂಜೀಕ ನೋಡಿದ್ರ ಹಪ್ಪಳದಂಗ ಎದ್ದಿತ್ತು. ಅಪ್ಪ ಅದರ ಮ್ಯಾಲೆ ಗಾಜು ಇಟ್ಟು ಗಾಜಿನ ಮ್ಯಾಲೆ ಭಾರದ ಪುಸ್ತಕ ಹೇರಿ ಎರಡು ದಿನ ಬಿಟ್ಟ, ಸ್ವಲ್ಪ ಕುಂತಿತು, ಪೂರ್ತಿ ಸರಿ ಆಗಲಿಲ್ಲ. ಆ ಜಾಗಾಕ್ಕ ಬಂದಾಗ ಮುಳ್ಳು ಇವತ್ತಿಗೂ ಏರಿ ಇಳೀತದ.

ಇಂಥಾ ಕಿಮ್ಮತ್ತಿನ್ಯಾಗ ಹಳ್ಳಿ ಮಂದಿ ಹಾಡು ಕೇಳಿದ್ದು ಹೆಂಗ ಅಂದ್ರ, ತಗೊಂಡು ಕೇಳಲಿಲ್ಲ. ಮದವಿಗೆ ಸ್ಪೀಕರ್‌ದಾಂವ ಬರ್ತಿದ್ದ, ತಗಡಿನ ಟ್ರಂಕ್‌ದಾಗ ಪ್ಲೇಟು ತರ್ತಿದ್ದ, ಬೇವಿನ ಗಿಡಕ್ಕ ಭೋಂಗಾ ಕಟ್ಟಿ ಹಚ್ಚಿದ ಅಂದ್ರ ಊರಿಗೆ ಊರ ಕೇಳ್ತಿತ್ತು. ಟೂರಿಂಗ್ ಟಾಕೀಸಿನ್ಯಾಗ ಸಿನಿಮಾ ಶುರು ಆಗೂಕಿಂತ ಮದಲ ಪ್ಲೇಟ್ ಹಾಕ್ತಿದ್ರು, ಟಿಕೆಟ್ ತಗೊಳ್ಳದ ಹೊರಗ ಕುಂತು ಕೇಳಾವ್ರೂ ಇದ್ರು. ಚಹಾದ ಹೋಟೆಲ್‌ನ್ಯಾಗ ಒಂದು ಚಹಾ ಹೇಳಿ ಎರಡು ತಾಸು ಹಾಡು. ಒಂದು ಪ್ಲೇಟಿನ ಕಿಮ್ಮತ್ತು ಸಾವಿರ ಮಂದಿ ಕಿವಿಗೆ ಹಂಚಿ ಹೋಗ್ತಿತ್ತು. ಬೀಳಗಿಯ ಅಮೀರಬಾಯಿ ಕರ್ನಾಟಕಿ ಮುಂಬೈಯಾಗ ಹಾಡಿದ್ದು ಅವ್ರ ಸ್ವಂತ ಸೀಮಿಯ ಮಂದಿಗೆ ಮುಟ್ಟಿದ್ದು, ಸುಳೇಭಾವಿಯ ಹುಡುಗ ಕುಮಾರ ಗಂಧರ್ವರ ಎಳೀ ದನಿ ಬೆಳಗಾವಿ ಸುತ್ತಿನ ಮನಿಮನಿಗೆ ಹೋದದ್ದು ಹಿಂಗ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲ ಅವ್ರ ಮದಲಿನ ಪ್ಲೇಟಿನ ಮ್ಯಾಲೆ ಗಾಂಧಾರಿ ಅಂತ ಹೆಸರಿತ್ತು, ಕೇಳಿದವ್ರಿಗೆ ಆಕಿ ಯಾರು ಅಂತನೂ ಗೊತ್ತಿರಲಿಲ್ಲ, ದನಿ ಮಾತ್ರ ಗೊತ್ತು.

78ರ ಪ್ಲೇಟು ಬ್ಯಾರೆ ದೇಶದಾಗ 1960ರ ಹೊತ್ತಿಗೆ ಮುಗದಿದ್ವು, ನಮ್ಮಲ್ಲಿ ಮುಂದೂ ಒತ್ತಿದ್ರು, ಇಂಗ್ಲೆಂಡಿನ ಬೀಟಲ್ಸ್ ತಂಡದ ಹಾಡು ಸೈತ ಇಲ್ಲಿ 78ರಾಗ ಬಂದಾವ, ಈಗ ಅವನ್ನ ಹುಡುಕ್ಕೋತ ವಿದೇಶದವ್ರು ಬರ್ತಾರ. ಕಾರಣ ಸಾದಾ ಅದ, ಕೀಲಿ ಕೊಟ್ಟು ತಿರುಗಿಸೂ ಗ್ರಾಮೋಫೋನಿಗೆ ಕರೆಂಟ್ ಬ್ಯಾಡ. ಹೊಸಾ ಎಲ್‌ಪಿ ತಗೋಬೇಕಂದ್ರ ಹೊಸಾ ಮಷಿನ್‌ನೂ ತಗೋಬೇಕು, ಹಳೇ ಮಷಿನ್ ಇದ್ದ ಮನಿಗೆ ಹಳೇ ಪ್ಲೇಟ ಸೋವಿ.

ಇದನ್ನೆಲ್ಲಾ ಮುಗಸಿದ್ದು ಕ್ಯಾಸೆಟ್. ಎಂಬತ್ತರ ದಶಕದಾಗ ಟೇಪ್ ರಿಕಾರ್ಡರ್ ಮನಿಮನಿಗೆ ಬಂದ್ವು, 1983ರಾಗ ಗುಲ್ಷನ್ ಕುಮಾರ್ ಅವ್ರ ಟಿ-ಸೀರೀಸ್ ಶುರು ಆತು. ಕ್ಯಾಸೆಟ್ ತುಂಬಲಿಕ್ಕ ನೂರು ಟನ್ ಒತ್ತೂ ಮಷಿನ್ ಬ್ಯಾಡ, ಉಗಿ ಬ್ಯಾಡ, ಅಚ್ಚು ಬ್ಯಾಡ, ಒಂದು ಸಣ್ಣ ರೂಮಿನ್ಯಾಗ ಕಾಪಿ ಮಾಡಬಹುದು, ನೂರು ಮಾಡಿದ್ರೂ ಗಿಟ್ತದ. ಅದಕ್ಕ ಆಮ್ಯಾಲೆ ನಮ್ಮ ಭಾಗದ ಡೊಳ್ಳಿನ ಪದ, ಸಣ್ಣಾಟ, ಭಜನಿ ಪದ ಎಲ್ಲಾ ಕ್ಯಾಸೆಟ್ ಆಗಿ ಸಂತ್ಯಾಗ ಬಂದ್ವು, ಪ್ಲೇಟಿನ ಕಾಲದಾಗ ಅವಕ್ಕ ಯಾರೂ ಅಚ್ಚು ಮಾಡ್ತಿರಲಿಲ್ಲ. ಇದು ಭಾಳ ದೊಡ್ಡ ಮಾತು ಅಂತ ನನಗ ಅನಸ್ತದ, ಕಿಮ್ಮತ್ತು ಇಳಿದ ಮ್ಯಾಲೇನ ನಮ್ಮ ಹಾಡಿಗೆ ಪ್ಯಾಟಿ ಸಿಕ್ಕಿತು. ತೊಂಬತ್ತರ ದಶಕದಾಗ ಅಂಗಡ್ಯಾಗ ಎಲ್‌ಪಿ ಕಾಣದಂಗ ಆದ್ವು.

ನಿಮ್ಮ ಅಟ್ಟದ ಮ್ಯಾಲೂ ಟ್ರಂಕ್ ಇದ್ರ ಕವರಿನ ಒಳಗ ಕೈ ಹಾಕಿ ನೋಡ್ರಿ, ಬಿಲ್ ಸಿಕ್ರ ತಾರೀಖ ನೋಡ್ರಿ, ಆ ವರ್ಷ ಮನ್ಯಾಗ ಯಾರ ಪಗಾರ ಎಷ್ಟಿತ್ತು, ಜೋಳ ಎಷ್ಟಕ್ಕಿತ್ತು ಅಂತ ಹಿರೇರನ್ನ ಕೇಳ್ರಿ. ಇದ್ದಾಗ ಕೇಳಬೇಕು. ನಾ ಅಪ್ಪನ್ನ ಕೇಳಲಿಲ್ಲ.

ಹುಡುಗ ಬೆಂಗಳೂರಿಗೆ ಹೋಗೂ ದಿನ ಮುಂಜಾನೆ ಆ ಎಲ್‌ಪಿ ಅವನ ಕೈಗೆ ಕೊಟ್ಟೆ. ಬಿಲ್ ತಿರುವಿ ನೋಡಿದ್ದು ಅಂವನ, ನಾವ್ಯಾರೂ ನೋಡಿರಲಿಲ್ಲ. ಹಿಂದ ಅಪ್ಪನ ಅಕ್ಷರದಾಗ ಪೆನ್ಸಿಲ್‌ಲೆ ಮೂರು ಸಾಲು ಇದ್ವು. ನವೆಂಬರ್ 20 ರೂಪಾಯಿ, ಡಿಸೆಂಬರ್ 15, ಜನವರಿ 15 ರೂಪಾಯಿ 40 ಪೈಸೆ. ಮೂರನೇ ಸಾಲಿನ ಕೆಳಗ ಗೆರಿ ಎಳದು "ಮುಟ್ಟಿತು" ಅಂತ ಬರದಿದ್ದ.